ತುದಿ, ಬುಡ, ನಡು

ಭಾನುವಾರ, ಮಾರ್ಚ್ ೮

ಪ್ರೀತಿಯ ಮೇಷ್ಟ್ರೇ,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರೂ ಅಂದರೆ ನಾನು ಮತ್ತು ಬೆಕ್ಕು. ಬೆಕ್ಕು ದಪ್ಪಗಾಗಿದೆ, ನಾನು ಆಗಿಲ್ಲ. ಸ್ನಾನದ ಮನೆಯ ನಲ್ಲಿ ನೀನು ರಿಪೇರಿ ಮಾಡಿ ಹೋದಂದಿನಿಂದ ಸೋರುತ್ತಲೇ ಇದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ನೀನು ನನ್ನ ಮೊದಲನೇ ವಾಕ್ಯವನ್ನು ತಿದ್ದತೊಡಗುತ್ತೀಯ. ಆಮೇಲೆ ನಾನು ಸಿಡುಕುತ್ತೇನೆ, ನೀನು ಫೋನ್ ಇಟ್ಟುಬಿಡುತ್ತೀಯ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವಂತಿಲ್ಲ. ಎದುರಿಗಿದ್ದವರು ಸುಮ್ಮನೆ ಕೇಳಿಸಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನನ್ನ ಕುರ್ಚಿಯಲ್ಲಿ ಕೂರುವವರೆಲ್ಲ ದಿನವಿಡೀ ಬಾಯಿ ತೆರೆದುಕೊಂಡೇ ಇರುತ್ತಾರೆ, ಒಬ್ಬರಿಗೂ ಮಾತಾಡಲು ಬರುವುದಿಲ್ಲ.

ಸುದ್ದಿ ಏನೆಂದರೆ, ನಾನು ಗಾಲ್ಫ್ ಆಡುತ್ತಿದ್ದೇನೆ. ನಿಂತಿದ್ದರೆ ಕೂತುಕೋ.

ನೀನು ಕಡಲ ದಡದ ಆ ಊರಿಗೆ ಕೋಚ್ ಕೆಲಸಕ್ಕೆ ಹೊರಟಾಗ ಹಳೆಯ ಚೀಲವೊಂದನ್ನು ಕೋಟುಗಳ ಹಿಂದೆ ಬಿಟ್ಟು ಹೋದೆಯಲ್ಲ. ಚಳಿಗಾಲದಲ್ಲಿ ಒಂದು ದಿನ ನನ್ನ ಚಪ್ಪಲಿಯನ್ನು ಬೆಕ್ಕು ಸೋಫಾದ ಅಡಿಗೆ ತಳ್ಳಿತು. ಎಳೆಯಲು ಏನಾದರೂ ಉದ್ದನೆಯದು ಬೇಕಿತ್ತು, ಚೀಲದಿಂದ ಒಂದು ಕೋಲು ತೆಗೆದೆ. ಕೋಲಲ್ಲ, ಕ್ಲಬ್ಬು ಎಂದು ನೀನು ಅಲ್ಲಿಂದಲೇ ಹೇಳುವುದು ನನಗೆ ಕೇಳಿಸುತ್ತಿದೆ. ಚಪ್ಪಲಿ ಬಂತು. ಕೋಲು ಕೈಯಲ್ಲೇ ಇತ್ತು. ಸುಮ್ಮನೆ ಒಮ್ಮೆ ಬೀಸಿದೆ. ನಿನ್ನ ಅಕ್ಕ ಕೊಟ್ಟಿದ್ದ ಮೂಲೆಯ ದೀಪಕ್ಕೆ ತಗುಲಿ ಚೂರುಚೂರಾಯಿತು. ಆ ದೀಪ ನಮ್ಮಿಬ್ಬರಿಗೂ ಸೇರುತ್ತಿರಲಿಲ್ಲ, ಆದ್ದರಿಂದ ಅದನ್ನು ಒಳ್ಳೆಯ ಹೊಡೆತವೆಂದೇ ಎಣಿಸಿದೆ. ಒಳಗೆಲ್ಲೋ ಖುಷಿಯೂ ಆಯಿತು.

ಮುಂದಿನ ಭಾನುವಾರ ಬಸ್ ಡಿಪೋ ಹಿಂದಿನ ಅಭ್ಯಾಸದ ಮೈದಾನಕ್ಕೆ ಹೋದೆ. ಅಲ್ಲಿ ಮೇಲೆ ತಗಡಿನ ಚಪ್ಪರ, ಕೆಳಗೆ ಸಾಲಾಗಿ ರಬ್ಬರ್ ಚಾಪೆಗಳು, ಒಂದು ಮೂಲೆಯಲ್ಲಿ ಗಡಗಡ ಸದ್ದು ಮಾಡಿ ಬಕೆಟ್ಟಿಗೆ ಚೆಂಡು ಸುರಿಯುವ ಯಂತ್ರ. ನಾನು ಚೆಂಡಿನ ಮುಂದೆ ನಿಂತದ್ದೇ ತಡ, ನೀನು ಬಂದುಬಿಟ್ಟೆ. ಮದುವೆಯ ಹೊಸತರಲ್ಲಿ ನನಗೆ ಕಲಿಸಲು ಹೊರಟಿದ್ದೆಯಲ್ಲ, ಆ ಪಾಠವೆಲ್ಲ ಕಿವಿಯಲ್ಲಿ ಹಾಗೇ ಇತ್ತು. ತಲೆ ಅಲ್ಲಾಡಿಸಬೇಡ. ಎಡಗೈ ಮಡಚಬೇಡ. ಸೊಂಟ ಮೊದಲು, ಭುಜ ಆಮೇಲೆ. ಮಣಿಕಟ್ಟು ಸಡಿಲವಿರಲಿ, ಹಿಡಿತ ಬಿಗಿಯಿರಲಿ. ಉಸಿರಾಡು. ನೀನು ಉಸಿರಾಡು ಅನ್ನುವವರೆಗೂ ನಾನು ಉಸಿರಾಡುತ್ತಲೇ ಇದ್ದೆ, ಅಂದ ಮೇಲೆ ಮರೆತುಹೋಯಿತು. ಆವತ್ತು ಕೋಲು ಬಿಸಾಕಿ, ಇನ್ನು ಇದನ್ನು ಮುಟ್ಟಿದರೆ ಕೇಳು ಎಂದು ಹೇಳಿ ಬಂದವಳು ನಾನು. ಈಗ ಮತ್ತೆ ಅದೇ ಕಥೆ. ಚೆಂಡು ಇದ್ದಲ್ಲೇ ಇತ್ತು, ಚಾಪೆ ಮಾತ್ರ ಏಟು ತಿಂದಿತು.

ಪಕ್ಕದ ಚಾಪೆಯಲ್ಲಿ ಒಬ್ಬಾಕೆ ಆಡುತ್ತಿದ್ದಳು. ನಿವೃತ್ತಿಯಾದ ಬಸ್ ಡ್ರೈವರ್. ಎಲ್ಲರೂ ಬಸ್ಸಮ್ಮ ಅಂತಲೇ ಕರೆಯುತ್ತಾರೆ. ಅವಳು ಸ್ವಲ್ಪ ಹೊತ್ತು ನೋಡಿ, "ಡಾಕ್ಟ್ರೇ, ಆ ಚಾಪೆ ನಿಮಗೇನ್ ಮಾಡಿದೆ ಪಾಪ, ಯಾಕೆ ಹಾಗೆ ಬಡೀತೀರ?" ಎಂದಳು. ನಾನು ಅವಳಿಗೆ ಹಿಂದೊಮ್ಮೆ ದವಡೆ ಹಲ್ಲು ಕಿತ್ತಿದ್ದೆ, ಅದರ ಸೇಡು ತೀರಿಸಿಕೊಂಡಳು ಎಂದು ಕಾಣುತ್ತದೆ.

ಹೀಗೇ ಕೆಲವು ವಾರ ನಡೆಯಿತು. ಒಂದು ದಿನ ಕ್ಲಿನಿಕ್ಕಿನಿಂದ ನೇರವಾಗಿ ಹೋಗಿದ್ದೆ. ಕೈ ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಕಚ್ಚು ಕಾಗದದ ಚಿಕ್ಕ ಪುಸ್ತಕ ಸಿಕ್ಕಿತು. ನಿನಗೆ ಗೊತ್ತಲ್ಲ, ಹುಳುಕು ಹಲ್ಲಿಗೆ ಸಿಮೆಂಟು ತುಂಬಿದ ಮೇಲೆ ರೋಗಿಯ ಹಲ್ಲುಗಳ ನಡುವೆ ಒಂದು ನೀಲಿ ಕಾಗದ ಇಟ್ಟು ಕಚ್ಚಿಸುತ್ತೇನೆ. ಎಲ್ಲಿ ಎತ್ತರವಾಗಿದೆಯೋ ಅಲ್ಲಿ ನೀಲಿ ಚುಕ್ಕೆ ಮೂಡುತ್ತದೆ. ಆದರೆ ಕಾಗದ ಇಡುವ ಮೊದಲು ನಾನು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತೇನೆ. ಮೊದಲು ತಾಗುವುದು ಯಾವ ಹಲ್ಲು? ಗೊತ್ತಿಲ್ಲ ಅನ್ನುತ್ತಾರೆ. ಪರವಾಗಿಲ್ಲ, ನಿಧಾನವಾಗಿ ಕಚ್ಚಿ ನೋಡಿ ಅನ್ನುತ್ತೇನೆ. ಎರಡು ಸಲ ಕಚ್ಚಿದವರೇ ಇಲ್ಲಿ ಎಂದು ಬೆರಳಿಟ್ಟು ತೋರಿಸುತ್ತಾರೆ. ಆಮೇಲೆ ಕಾಗದ ಇಟ್ಟರೆ ಚುಕ್ಕೆ ಅಲ್ಲೇ ಇರುತ್ತದೆ. ಬಾಯಿಗೆ ಗೊತ್ತಿರುತ್ತದೆ ಮೇಷ್ಟ್ರೇ, ಕೇಳುವವರು ಬೇಕು ಅಷ್ಟೆ.

ಚಾಪೆಯ ಮುಂದೆ ನಿಂತು ಯೋಚಿಸಿದೆ. ನಾನು ಇಷ್ಟು ದಿನ ಸೊಂಟ, ಭುಜ, ಮೊಣಕೈ ಎಲ್ಲವನ್ನೂ ವಿಚಾರಿಸಿಕೊಂಡೆ. ಕೋಲಿನ ಮುಖದ ಮೇಲೆ ಚೆಂಡು ತಾಗುವುದು ಎಲ್ಲಿ ಎಂದು ಒಮ್ಮೆಯಾದರೂ ವಿಚಾರಿಸಿದೆನಾ? ಒಂದು ನೀಲಿ ಕಾಗದ ಹರಿದು ಕೋಲಿನ ಮುಖಕ್ಕೆ ಅಂಟಿಸಿದೆ. ಹೊಡೆದೆ. ನೋಡುವ ಮೊದಲು ನನ್ನನ್ನೇ ಕೇಳಿಕೊಂಡೆ, ಎಲ್ಲಿ ತಾಗಿತು? ನಡುವೆ ಎಂದು ಕೈ ಹೇಳಿತು. ಕಾಗದ ನೋಡಿದರೆ ಗುರುತು ಬುಡದಲ್ಲಿ, ಕೋಲಿನ ಕುತ್ತಿಗೆಗೆ ಒತ್ತಿಕೊಂಡು. ಇನ್ನೊಂದು ಹೊಡೆದೆ. ಈ ಸಲ ಖಂಡಿತ ನಡು ಎಂದೆ. ಮತ್ತೆ ಬುಡ. ನನ್ನ ಕೈ ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆಂದು ಗೊತ್ತೇ ಇರಲಿಲ್ಲ. ಬಿದ್ದು ಬಿದ್ದು ನಕ್ಕೆ.

ಆಮೇಲೆ ಅದೇ ಆಟವಾಯಿತು. ಹೊಡೆ, ತುದಿಯೋ ಬುಡವೋ ನಡುವೋ ಹೇಳು, ನೋಡು. ಬಸ್ಸಮ್ಮನೂ ಸೇರಿಕೊಂಡಳು. ತಪ್ಪು ಹೇಳಿದವರು ಕಾಫಿ ತರಬೇಕು. ಕೆಲವು ದಿನ ಎಲ್ಲ ಕಾಫಿಯೂ ನನ್ನದೇ. ಬರಬರುತ್ತಾ ಗೊತ್ತಾಗತೊಡಗಿತು. ತುದಿಗೆ ತಾಗಿದರೆ ಹಿಡಿಕೆ ಅಂಗೈಯಲ್ಲಿ ಹೊರಳುತ್ತದೆ. ಬುಡಕ್ಕೆ ತಾಗಿದರೆ ಮಣಿಕಟ್ಟಿನವರೆಗೆ ಜೋಮು ಹತ್ತುತ್ತದೆ, ಸದ್ದು ಮಂಕಾಗಿರುತ್ತದೆ. ಹೊಡೆತ ಇನ್ನೂ ಕೆಟ್ಟದಾಗಿಯೇ ಇತ್ತು, ಆದರೆ ನಾನು ಹೇಳುವುದು ಸರಿಯಾಗುತ್ತಾ ಬಂತು. ವಿಚಿತ್ರ ನಡೆದದ್ದು ಆಮೇಲೆ. ನಾನು ಏನನ್ನೂ ತಿದ್ದಿಕೊಳ್ಳಲಿಲ್ಲ. ಸೊಂಟದ ಕಡೆ ನೋಡಲೂ ಇಲ್ಲ. ಆದರೂ ನೀಲಿ ಗುರುತು ದಿನದಿನಕ್ಕೆ ಬುಡದಿಂದ ಸರಿದು ಸರಿದು, ಒಂದು ಸಂಜೆ ನಡುವಿಗೆ ಬಂದು ನಿಂತಿತು. ಆ ಹೊಡೆತ ಕೈಗೆ ತಾಗಿದ ಹಾಗೇ ಆಗಲಿಲ್ಲ. ಚೆಂಡು ಬೇಲಿಯ ಹತ್ತಿರದ ಹಳದಿ ಬಾವುಟ ದಾಟಿ ಬಿತ್ತು. ನಡು, ನಡು ಎಂದು ನಾನು ಕುಣಿದದ್ದನ್ನು ಡಿಪೋದ ಮೆಕ್ಯಾನಿಕ್‌ಗಳೆಲ್ಲ ನೋಡಿದರು.

ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ, ಬೇರೆಯವರಿಂದ ತಿಳಿಯುವ ಬದಲು. ನಾನು ಬಳಸಿದ್ದು ಎರಡೂ ಮಗ್ಗುಲು ಬಣ್ಣವಿರುವ ದಪ್ಪ ಕಾಗದ. ಹಲ್ಲಿಗೆ ಅದೇ ಸರಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಒಟ್ಟಿಗೆ ಗುರುತಾಗಬೇಕಲ್ಲ. ಆದರೆ ಇಲ್ಲಿ ಕೋಲಿನ ಜೊತೆಗೆ ಚೆಂಡಿಗೂ ಬಣ್ಣ ಹತ್ತುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಹೊಡೆದ ಚೆಂಡುಗಳೆಲ್ಲ ಒಟ್ಟಾಗಿ ತೊಳೆಯುವ ಯಂತ್ರಕ್ಕೆ ಹೋದವು. ಮಾರನೇ ದಿನ ಮೈದಾನದ ಯಜಮಾನರು ಬಾಗಿಲು ತೆರೆದರೆ ಅವರ ಚೆಂಡುಗಳೆಲ್ಲ ತಿಳಿನೀಲಿ. ಅವರು ಕಣ್ಣು ಕೆಂಪಗೆ ಮಾಡಿಕೊಂಡು ಕ್ಲಿನಿಕ್ಕಿಗೇ ಬಂದರು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿದೆ, ಜಗಳ ಅಲ್ಲಿಗೆ ಮುಗಿಯಿತು. ಈಗ ಮೈದಾನದ ಗೋಡೆಯಲ್ಲಿ ಒಂದು ಹೊಸ ಬೋರ್ಡು ಇದೆ, 'ಹಲ್ಲಿನ ಆಸ್ಪತ್ರೆಯ ಸಾಮಾನು ತರಬಾರದು' ಎಂದು. ಅದರ ಕೆಳಗೆ ನಿಂತೇ ಆಡುತ್ತೇನೆ. ಒಂದೇ ಮಗ್ಗುಲು ಬಣ್ಣವಿರುವ ತೆಳು ಕಾಗದಕ್ಕೆ ಬದಲಾಯಿಸಿಕೊಂಡೆ, ಬಣ್ಣದ ಕಡೆಯನ್ನು ಕೋಲಿಗೆ ಮುಖಮಾಡಿ ಅಂಟಿಸುತ್ತೇನೆ.

ಇಷ್ಟೇ ಸುದ್ದಿ. ನಿನ್ನ ಕೆಲಸ ಹೇಗಿದೆ, ಗಾಳಿಗೆ ಕೆಮ್ಮು ಬಂದಿದೆಯಾ, ಬರೆ.

ಇಂತು,
ನಿನ್ನ ಪಾಠಕ್ಕೆ ಒಗ್ಗದ ವಿದ್ಯಾರ್ಥಿನಿ

ತಾ.ಕ.: ಮೇ ತಿಂಗಳ ಮೊದಲ ಭಾನುವಾರ ಇಲ್ಲಿ ಬೇಲಿಯಾಚೆಯ ಗಾಲ್ಫ್ ಅಂಗಳದಲ್ಲಿ ಜೋಡಿ ಪಂದ್ಯ. ಇಬ್ಬರಿಗೆ ಒಂದೇ ಚೆಂಡು, ಒಂದು ಹೊಡೆತ ಒಬ್ಬರದು, ಮುಂದಿನದು ಇನ್ನೊಬ್ಬರದು. ನನ್ನ ಜೋಡಿಯಾಗುತ್ತೀರಾ ಎಂದು ಬಸ್ಸಮ್ಮ ಕೇಳಿದಳು. ನಾನು ಇನ್ನೂ ಹೂಂ ಅಂದಿಲ್ಲ. ಸುಮ್ಮನೆ ಹೇಳಿದೆ.

*

ಗುರುವಾರ, ಮಾರ್ಚ್ ೧೯

ಡಾಕ್ಟರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಕೆಮ್ಮು ಇಲ್ಲ. ನಲ್ಲಿಗೆ ವಾಷರ್ ಬದಲಾಯಿಸಬೇಕು, ಎಡಕ್ಕೆ ತಿರುಗಿಸಿ ಬಿಚ್ಚುವುದು. ದೀಪ ನನಗೆ ಇಷ್ಟವಿತ್ತು.

ನೀವು ಆಡಲು ಶುರುಮಾಡಿದ್ದು ಸಂತೋಷ. ಆದರೆ ಒಂದು ಮಾತು ಹೇಳಲೇಬೇಕು. ಚೆಂಡು ಎಲ್ಲಿ ತಾಗುತ್ತದೆ ಎಂಬುದು ಫಲ. ಕಾರಣ ಇರುವುದು ನಿಲುವಿನಲ್ಲಿ, ಹಿಡಿತದಲ್ಲಿ, ತಿರುಗುವಿಕೆಯಲ್ಲಿ. ಫಲವನ್ನು ನೋಡುತ್ತಾ ಕೂತರೆ ಕಾರಣ ಸರಿಹೋಗುವುದಿಲ್ಲ. ಹಳದಿ ಬಾವುಟ ದಾಟಿದ್ದು ಒಳ್ಳೆಯದೇ, ಆದರೆ ಅದೃಷ್ಟವನ್ನು ವಿಧಾನವೆಂದು ತಿಳಿಯಬಾರದು. ಹಿಡಿತದ ಸರಿಯಾದ ಚಿತ್ರ ಬಿಡಿಸಿ ಇದರೊಂದಿಗೆ ಇಟ್ಟಿದ್ದೇನೆ. ಹೆಬ್ಬೆರಳನ್ನು ಗಮನಿಸಿ.

ಇಲ್ಲಿ ಎಲ್ಲ ಎಂದಿನಂತೆ. ಮುಂಜಾನೆ ಮಂಜು, ಸಂಜೆ ಗಾಳಿ. ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ. ಒಬ್ಬ ವಿದ್ಯಾರ್ಥಿಯ ವಿಷಯ ಮಾತ್ರ ಸ್ವಲ್ಪ ತಲೆ ತಿನ್ನುತ್ತಿದೆ. ನಡುವಯಸ್ಸಿನವನು, ಹಟಮಾರಿ. ಎಷ್ಟೋ ವರ್ಷದಿಂದ ಚೆನ್ನಾಗಿ ಆಡಿಕೊಂಡು ಬಂದವನು. ಕಳೆದ ಬೇಸಿಗೆಯಿಂದ ಅವನ ಹೊಡೆತ ಕೈಕೊಟ್ಟಿದೆ. ಚೆಂಡು ಕ್ಲಬ್ಬಿನ ಕುತ್ತಿಗೆಗೆ ತಗುಲಿ ಅಡ್ಡಡ್ಡ ಹಾರುತ್ತದೆ. ಅವನಿಗೆ ತಿಳಿದಿರುವ ಎಲ್ಲವನ್ನೂ ಪ್ರಯೋಗಿಸಿ ಆಯಿತು, ಪ್ರಯೋಗಿಸಿದಷ್ಟೂ ಹದಗೆಡುತ್ತಿದೆ. ಈಗ ಬೇರೆಯವರು ಇರುವಾಗ ಅವನು ಹೊಡೆಯುವುದೇ ಇಲ್ಲ, ಬೆನ್ನು ನೋವು ಎಂದು ನೆಪ ಹೇಳುತ್ತಾನೆ. ಆಟ ಬಿಟ್ಟು, ಕ್ರೀಡಾ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಬಿಡೋಣ ಎಂಬ ಯೋಚನೆಯೂ ಅವನಿಗಿದೆ. ಯಾರಿಗೂ ಹೇಳಿಲ್ಲ.

ಜೋಡಿ ಪಂದ್ಯದ ವಿಷಯ ಓದಿದೆ. ಬಸ್ಸಮ್ಮನವರ ಜೊತೆ ಆಡಿ, ಒಳ್ಳೆಯದಾಗಲಿ. ಆ ದಿನಗಳಲ್ಲಿ ನನಗೆ ಇಲ್ಲಿ ಬಿಡುವಿರುವುದಿಲ್ಲ.

ಇತಿ,
ಕೋಚ್

ತಾ.ಕ.: ಆ ಕಾಗದ ಯಾವ ಅಂಗಡಿಯಲ್ಲಿ ಸಿಗುತ್ತದೆ? ಆ ವಿದ್ಯಾರ್ಥಿ ಕೇಳುತ್ತಿದ್ದ.

*

ಶುಕ್ರವಾರ, ಮಾರ್ಚ್ ೨೭

ಪ್ರೀತಿಯ ಮೇಷ್ಟ್ರೇ,

ಹೆಬ್ಬೆರಳನ್ನು ಗಮನಿಸಿದೆ. ತುಂಬ ಚೆನ್ನಾಗಿ ಬಿಡಿಸಿದ್ದೀಯ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ನೀವು, ನಿಮ್ಮ ಎಂದೆಲ್ಲ ಬರೆದದ್ದು ಯಾಕೋ? ನಾನೇನು ನಿನ್ನ ಮೈದಾನದ ಕಾರ್ಯದರ್ಶಿಯಾ?

ನಿನ್ನ ಕಾಗದವನ್ನು ಕ್ಲಿನಿಕ್ಕಿನಲ್ಲಿ ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ ಓದಿದೆ. ಕಡೆಯ ರೋಗಿ ಹೋದ ಮೇಲೆ ಮತ್ತೆ ಓದಿದೆ. ನನ್ನ ವೃತ್ತಿಯ ಒಂದು ಗುಟ್ಟು ಹೇಳುತ್ತೇನೆ ಕೇಳು. ತಿಂಗಳಿಗೊಬ್ಬರಾದರೂ ಬಂದು, ಡಾಕ್ಟ್ರೇ, ನನ್ನ ಸ್ನೇಹಿತನಿಗೆ ಹಲ್ಲುನೋವು, ಏನು ಮಾಡಬೇಕು ಅನ್ನುತ್ತಾರೆ. ಅನ್ನುವಾಗ ಅವರ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿರುತ್ತದೆ. ನಾನು ನಗುವುದಿಲ್ಲ. "ಹೌದಾ ಪಾಪ. ಎಲ್ಲಿ, ನಿಮ್ಮ ಸ್ನೇಹಿತನ ಬಾಯಿ ಒಂದ್ಸಲ ತೆಗೀರಿ ನೋಡೋಣ" ಅನ್ನುತ್ತೇನೆ. ಅವರು ಕೂತು ಬಾಯಿ ತೆಗೆಯುತ್ತಾರೆ. ಅಷ್ಟೆ. ಆಮೇಲೆ ಆ ಸ್ನೇಹಿತನ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ.

ಆದ್ದರಿಂದ ನಿನ್ನ ವಿದ್ಯಾರ್ಥಿಗೆ ಬೇಕಾದ ಕಾಗದವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅಂಗಡಿಯಲ್ಲಿ ಹುಡುಕುವುದು ಬೇಡ. ಬಣ್ಣದ ಮಗ್ಗುಲು ಕ್ಲಬ್ಬಿನ ಕಡೆಗಿರಲಿ. ನೋಡು, ನಿನ್ನ ಗೌರವಕ್ಕೆಂದು ಕ್ಲಬ್ಬು ಎಂದೇ ಬರೆದಿದ್ದೇನೆ. ಬಣ್ಣ ಸುಲಭಕ್ಕೆ ಹೋಗುವುದಿಲ್ಲ, ಮುಖ ಮುಟ್ಟಿಕೊಳ್ಳಬಾರದು ಎಂದು ಹೇಳು.

ಮುಖ್ಯವಾದ ಮಾತು ಇದು. ಕಾಗದ ನೋಡುವ ಮೊದಲು ಅವನು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಆಗದು, ಆಮೇಲೆ ನಾನು ಹಾಗೇ ಅಂದುಕೊಂಡಿದ್ದೆ ಎಂದು ಜಾರಿಕೊಳ್ಳುತ್ತಾನೆ. ಕುತ್ತಿಗೆಗೆ ತಗುಲಿದರೆ ಕುತ್ತಿಗೆ ಅನ್ನಲಿ. ನಾಚಿಕೆ ಬೇಡ. ಯಾಕೆ ತಗುಲಿತು ಎಂದು ಮಾತ್ರ ಕೇಳಿಕೊಳ್ಳಬಾರದು. ಅಲ್ಲೇ ಅವನು ಹಾಳಾಗುವುದು. ಯಾಕೆ ಎಂದ ಕೂಡಲೇ ಅವನಿಗೆ ತಿಳಿದಿರುವ ವಿದ್ಯೆಯೆಲ್ಲ ಒಟ್ಟಿಗೆ ಎದ್ದು ಬರುತ್ತದೆ, ಕೈಗೆ ಏನೂ ಕೇಳಿಸದ ಹಾಗೆ ಆಗುತ್ತದೆ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ ಬಾಯಿಗೆ ನಾನು ಎಂದೂ ಕಚ್ಚು ಕಾಗದ ಇಟ್ಟು ನಂಬುವುದಿಲ್ಲ. ಆಗ ಅವರು ತಮ್ಮ ನಾಲಿಗೆಯನ್ನೇ ಕಚ್ಚಿಕೊಂಡರೂ ಗೊತ್ತಾಗದು. ಮರುದಿನ ಬನ್ನಿ ಅನ್ನುತ್ತೇನೆ. ನಿನ್ನ ವಿದ್ಯಾರ್ಥಿಯೂ ಸ್ವಲ್ಪ ದಿನ ಸೊಂಟ ಭುಜಗಳಿಗೆಲ್ಲ ರಜೆ ಕೊಡಲಿ.

ಹೇಳಿದ್ದು ಸರಿಯಾಗತೊಡಗಿದ ಮೇಲೆ ಇನ್ನೊಂದು ಆಟ. ಬೇಕಂತಲೇ ತುದಿಗೆ ಹೊಡೆಯಲಿ. ಆಮೇಲೆ ಬೇಕಂತಲೇ ಬುಡಕ್ಕೆ. ಕೆಟ್ಟ ಹೊಡೆತವನ್ನು ಬೇಕೆಂದಾಗ ಹೊಡೆಯಲು ಬಂದರೆ ಅದರ ಹೆದರಿಕೆ ಅರ್ಧ ಹೋಗುತ್ತದೆ. ಇದನ್ನು ನಾನೂ ಬಸ್ಸಮ್ಮನೂ ಮಳೆ ಬಂದ ಒಂದು ದಿನ ಚಪ್ಪರದಡಿ ಕಂಡುಹಿಡಿದದ್ದು. ಅವಳ ತುದಿ ಹೊಡೆತವೊಂದು ಚಪ್ಪರದ ಕಂಬಕ್ಕೆ ಬಡಿದು ಯಜಮಾನರ ಕಾಫಿ ಲೋಟದ ಹತ್ತಿರ ಹೋಗಿ ಬಿತ್ತು. ಅವರು ಲೋಟ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಈಗ ನನ್ನ ಕಡೆಯ ವಿಷಯ. ಬಸ್ಸಮ್ಮನಿಗೆ ಆಗುವುದಿಲ್ಲ ಎಂದು ಹೇಳಿದೆ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ, ತನ್ನ ನಾದಿನಿಯನ್ನು ಜೋಡಿ ಮಾಡಿಕೊಂಡಳು. ಹಾಗಾಗಿ ನಾನೀಗ ಒಂಟಿ. ಪಂದ್ಯದ ಹಿಂದಿನ ಸಂಜೆ ಯಜಮಾನರು ಹೆಸರುಗಳ ಬೋರ್ಡು ಬರೆಯುತ್ತಾರೆ. ಅಷ್ಟರೊಳಗೆ ಜೋಡಿಯ ಹೆಸರು ಕೊಡದಿದ್ದರೆ ನನ್ನದನ್ನೂ ಬರೆಯುವುದಿಲ್ಲವಂತೆ. ಯಾರನ್ನು ಕರೆಯುತ್ತೀರಿ ಎಂದು ಕೇಳಿದರು. ಒಬ್ಬರಿದ್ದಾರೆ, ಅವರಿಗೆ ಬಿಡುವಿಲ್ಲವಂತೆ ಎಂದೆ. ಬಿಡುವಿಲ್ಲದವರನ್ನು ಕಾಯುವುದು ಯಾಕೆ ಎಂದರು. ನನಗೆ ಹೇಳಲು ಒಂದು ಉತ್ತರವಿತ್ತು, ಆದರೆ ಅವರಿಗೆ ಹೇಳುವಂಥದ್ದಲ್ಲ.

ನಿನಗೇ ಹೇಳುತ್ತೇನೆ. ನೀನಿಲ್ಲದ ಮನೆಯಲ್ಲಿ ಮೊದಲು ಬಹಳ ನೆಮ್ಮದಿಯಾಗಿತ್ತು. ಚಾಕು ಹಿಡಿಯುವುದು ಹಾಗಲ್ಲ, ಕಾರು ಹಿಂದಕ್ಕೆ ತೆಗೆಯುವುದು ಹೀಗಲ್ಲ ಎಂದು ಹೇಳುವವರಿಲ್ಲ. ಕಾರನ್ನು ನನಗೆ ಬೇಕಾದ ಹಾಗೆ ತೆಗೆದು ಗೇಟಿಗೆ ಎರಡು ಸಲ ಗುದ್ದಿದೆ. ಆಮೇಲೆ ಈ ಆಟ ಶುರುವಾಯಿತು. ಪ್ರತಿ ಸಲ ನಡುವಿಗೆ ತಾಗಿದಾಗಲೂ ನಾನು ಮೊದಲು ಹಿಂತಿರುಗಿ ನೋಡುತ್ತೇನೆ. ನೀನು ನಿಂತು ನೋಡಿದೆಯಾ ಎಂದು. ಸಲಹೆ ಕೊಡುವವರಿಲ್ಲದೆ ಬದುಕಬಹುದು ಮೇಷ್ಟ್ರೇ, ಖುಷಿಯಾದಾಗ ತೋರಿಸಲು ಯಾರೂ ಇಲ್ಲದಿದ್ದರೆ ಕಷ್ಟ.

ನಿನ್ನ ವಿದ್ಯಾರ್ಥಿ ಚೆಂಡನ್ನು ಅಡ್ಡಡ್ಡ ಹಾರಿಸಿದರೂ ನನಗೆ ಅಡ್ಡಿಯಿಲ್ಲ. ಜೋಡಿ ಪಂದ್ಯದಲ್ಲಿ ಅವನು ಪೊದೆಗೆ ಹೊಡೆದರೆ ಪೊದೆಯಿಂದ ತೆಗೆಯುವುದು ನನ್ನ ಸರದಿ. ಹಲ್ಲಿನ ಡಾಕ್ಟರಿಗೆ ಮೂಲೆಯಲ್ಲಿ ಸಿಕ್ಕಿಕೊಂಡದ್ದನ್ನು ತೆಗೆಯುವುದು ಹೊಸತೇನಲ್ಲ.

ಇಂತು,
ನಿನ್ನವಳು, ಒಂಟಿ ಆಟಗಾರ್ತಿ

ತಾ.ಕ.: ನಲ್ಲಿಯನ್ನು ಎಡಕ್ಕೆ ತಿರುಗಿಸಿದೆ. ಈಗ ಮೊದಲಿಗಿಂತ ಹೆಚ್ಚು ಸೋರುತ್ತಿದೆ. ಅದನ್ನು ಯಾರಿಂದಲೂ ರಿಪೇರಿ ಮಾಡಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

*

ಶನಿವಾರ, ಮೇ ೨

ನನ್ನ ಡಾಕ್ಟ್ರೇ,

ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ನೀನು ಹಲ್ಲು ಕಡಿಯುತ್ತಿರುತ್ತೀಯ. ಕಡಿಯಬೇಡ, ಸವೆಯುತ್ತವೆ. ಇದು ಸಲಹೆಯಲ್ಲ, ನೀನೇ ನಿನ್ನ ರೋಗಿಗಳಿಗೆ ಹೇಳುವ ಮಾತು.

ಆ ವಿದ್ಯಾರ್ಥಿಯ ಬಾಯಿ ತೆರೆಯುತ್ತಿದ್ದೇನೆ, ನೋಡು. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ತರಗತಿಯ ಮುಂದೆ ಹೊಡೆದು ತೋರಿಸುವಾಗ ಚೆಂಡು ಕುತ್ತಿಗೆಗೆ ತಗುಲಿ ಪಕ್ಕದ ಬೆಂಚಿನತ್ತ ಹಾರಿತು. ನಕ್ಕು ಇನ್ನೊಂದು ಹೊಡೆದೆ. ಅದೂ ಹಾಗೇ. ಆವತ್ತಿನಿಂದ ನಾನು ಕ್ಲಬ್ಬು ಹಿಡಿದಾಗೆಲ್ಲ ನನ್ನ ಕಿವಿಯಲ್ಲೂ ನಾನೇ ಮಾತಾಡುತ್ತಿದ್ದೆ. ಸೊಂಟ ಮೊದಲು, ಭುಜ ಆಮೇಲೆ. ನಿನಗೆ ನಾನು ಹೇಳುತ್ತಿದ್ದದ್ದನ್ನೆಲ್ಲ ನಾನೇ ಕೇಳಬೇಕಾಗಿ ಬಂತು. ಎಷ್ಟು ಬೇಜಾರಿನ ಮನುಷ್ಯ ಎಂದು ಆಗ ಗೊತ್ತಾಯಿತು.

ನೀನು ಕಳಿಸಿದ ಕಾಗದವನ್ನು ಮೂರು ದಿನ ಮೇಜಿನ ಮೇಲೆ ಹಾಗೇ ಇಟ್ಟಿದ್ದೆ. ನಾಲ್ಕನೇ ದಿನ ಬೆಳಕು ಹರಿಯುವಾಗ, ಯಾರೂ ಬರುವ ಮೊದಲು, ಮೈದಾನದ ಕೊನೆಗೆ ಹೋದೆ. ಅಲ್ಲಿ ಮೀನುಗಾರರು ಬಲೆ ಒಣಗಿಸುತ್ತಾರೆ. ಹೊಡೆದೆ. ಬುಡ ಎಂದೆ, ಗಟ್ಟಿಯಾಗಿಯೇ. ನೋಡಿದರೆ ಬುಡ. ಇನ್ನೊಂದು ಹೊಡೆದೆ. ಕುತ್ತಿಗೆ ಎಂದೆ. ನೋಡಿದರೆ ಕುತ್ತಿಗೆ. ಮೀನುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೂ ಒಳ್ಳೆಯ ಹೊಡೆತವಿಲ್ಲ, ಆದರೂ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಹಗುರವೆನಿಸಿತು. ಏನಾಗುತ್ತಿದೆಯೋ ಅದನ್ನು ಬಾಯಿಬಿಟ್ಟು ಹೇಳಿದೆನಲ್ಲ, ಅದಕ್ಕೇ ಇರಬೇಕು.

ಬೇಕಂತಲೇ ತುದಿಗೆ ಹೊಡೆಯುವ ನಿನ್ನ ಆಟ ಇದೆಯಲ್ಲ, ಅದನ್ನು ಆಡಿದ ದಿನ ನಾನು ಒಬ್ಬನೇ ನಿಂತು ನಕ್ಕೆ. ತುದಿಗೆ ತಾಗಿಸಲು ಹೊರಟವನು ಬುಡದಿಂದ ದೂರ ಬರಲೇಬೇಕಲ್ಲ. ತುದಿ ಎಂದುಕೊಂಡು ಹೊಡೆದ ಚೆಂಡು ನಡುವಿಗೆ ತಾಗಿ, ಒಣಹಾಕಿದ ಬಲೆಗಳನ್ನು ದಾಟಿ ಮರಳಿನಲ್ಲಿ ಬಿತ್ತು. ಕೈಗೆ ಏನೂ ತಾಗಿದ ಹಾಗೆ ಆಗಲಿಲ್ಲ ಎಂದು ಬರೆದಿದ್ದೆಯಲ್ಲ, ಹಾಗೇ. ನಾನು ಕಾಗದ ನೋಡಲಿಲ್ಲ. ನಡು ಎಂದು ಕೈ ಹೇಳಿತ್ತು, ಈ ಸಲ ಅದು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಿತ್ತು. ಡಾಕ್ಟ್ರೇ, ನಾನೂ ಹಿಂತಿರುಗಿ ನೋಡಿದೆ. ಹಿಂದೆ ಮೀನುಗಾರರಿದ್ದರು. ಪಾಪ, ಅವರು ಚಪ್ಪಾಳೆ ತಟ್ಟಿದರು. ಆದರೆ ನಾನು ನೋಡಿದ್ದು ಅವರಿಗಾಗಿ ಅಲ್ಲ.

ಮುಖ ಮುಟ್ಟಿಕೊಳ್ಳಬಾರದು ಎಂದು ನೀನು ಬರೆದಿದ್ದೆ. ಖುಷಿಯಲ್ಲಿ ಮರೆತೆ. ಆ ಬೆಳಿಗ್ಗೆ ತರಗತಿಗೆ ಹೋದರೆ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ. ಕೊನೆಗೆ ಬ್ಯಾಂಕಿನ ಮ್ಯಾನೇಜರೊಬ್ಬರು ಧೈರ್ಯ ಮಾಡಿ, "ಸಾರ್, ನಿಮ್ಮ ಮೂಗು ಯಾಕೆ ನೀಲಿ ಆಗಿದೆ?" ಎಂದು ಕೇಳಿದರು. ಬೆನ್ನು ನೋವು ಎಂದು ಹೇಳಿ ತಪ್ಪಿಸಿಕೊಳ್ಳಲು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬೆನ್ನು ನೋವಿನ ಸುಳ್ಳನ್ನೂ ಸೇರಿಸಿ. ಯಾರೂ ನಗಲಿಲ್ಲ. ಮ್ಯಾನೇಜರು ತಮಗೂ ಒಂದು ಚೂರು ಕಾಗದ ಸಿಗಬಹುದಾ ಎಂದರು. ಈಗ ನನ್ನ ಮೈದಾನ ಸಂತೆಯ ಹಾಗಿದೆ. ಒಂದು ಕಡೆಯಿಂದ ತುದಿ, ಇನ್ನೊಂದು ಕಡೆಯಿಂದ ಬುಡ. ನಾನು ನಡುವೆ ಸುಮ್ಮನೆ ಓಡಾಡುತ್ತೇನೆ, ಎಲ್ಲಿ ತಾಗಿತು ಎಂದಷ್ಟೇ ಕೇಳುತ್ತೇನೆ. ಆ ಕ್ರೀಡಾ ಸಾಮಾನಿನ ಅಂಗಡಿಯವರಿಗೆ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿಯಾಯಿತು.

ಇನ್ನು ನಾನು ಕೇಳಬೇಕಾದ್ದನ್ನು ಕೇಳುತ್ತೇನೆ. ಬಿಡುವಿಲ್ಲ ಎಂದು ಬರೆದದ್ದು ಸುಳ್ಳು. ನೀನು ಒಪ್ಪುವುದಾದರೆ ನಾಳೆ ನಾನು ನಿನ್ನ ಜೋಡಿಯಾಗಿ ಆಡುತ್ತೇನೆ. ಕುತ್ತಿಗೆಗೆ ತಗುಲುವುದು ಪೂರ್ತಿ ಹೋಗಿಲ್ಲ, ಆಗೊಮ್ಮೆ ಈಗೊಮ್ಮೆ ಬರುತ್ತದೆ. ಬಂದರೆ ನಿನಗೆ ಪೊದೆ ಗ್ಯಾರಂಟಿ. ಆಟ ಮುಗಿಯುವವರೆಗೆ ನಾನು ಒಂದು ಸಲಹೆಯನ್ನೂ ಕೊಡುವುದಿಲ್ಲ. ನೀನು ಹೊಡೆದಾಗ ಹಿಂದೆ ನಿಂತಿರುತ್ತೇನೆ, ನೀನು ತಿರುಗಿದಾಗ ಕಾಣುವ ಹಾಗೆ.

ಪಂದ್ಯ ಮುಗಿದ ಮೇಲೆ ನಲ್ಲಿಯನ್ನೂ ನೋಡುತ್ತೇನೆ. ರಿಪೇರಿ ಮಾಡುವುದಿಲ್ಲ. ಎಲ್ಲಿ ಸೋರುತ್ತಿದೆ ಎಂದು ಇಬ್ಬರೂ ಕೂತು ನೋಡೋಣ. ಅದಕ್ಕೆ ಎಷ್ಟು ದಿನ ಬೇಕಾದರೂ ಆಗಬಹುದು. ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಪಾಠಕ್ಕೆ ಹೋಗಿ ಬರಬಹುದು ಎಂದು ಇವತ್ತು ಬಸ್ಸಿಳಿದ ಮೇಲಷ್ಟೇ ಹೊಳೆಯಿತು.

ಇಂತು,
ನಿನ್ನ ಕೋಲಿನ ಮೇಷ್ಟ್ರು

ತಾ.ಕ.: ಹಾಳೆಯ ಹಿಂಬದಿ ತಿರುಗಿಸಿದರೆ 'ಹಲ್ಲುಜ್ಜುವ ಸರಿಯಾದ ವಿಧಾನ' ಎಂದಿದೆ, ನೀನು ಆಗಲೇ ನೋಡಿರುತ್ತೀಯ. ನಿನ್ನ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಬರೆಯಲು ಬೇರೆ ಕಾಗದ ಸಿಗಲಿಲ್ಲ, ನಾಲ್ಕು ಕರಪತ್ರ ಖರ್ಚಾಯಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದೇನೆ. ನನ್ನ ಮುಂದೆ ಇನ್ನು ಒಬ್ಬ ಅಜ್ಜಿ ಮಾತ್ರ ಇದ್ದಾರೆ. ಏನು ತೊಂದರೆ ಎಂದು ನಿನ್ನ ರಿಸೆಪ್ಷನಿಸ್ಟ್ ಕೇಳಿದರು, ನನ್ನ ಸ್ನೇಹಿತನಿಗೆ ಹಲ್ಲುನೋವು ಎಂದೆ. ಅವರು ನನ್ನ ನೀಲಿ ಬೆರಳುಗಳನ್ನು ನೋಡಿ, ಡಾಕ್ಟರು ಬಹಳ ದಿನದಿಂದ ಆ ಸ್ನೇಹಿತರಿಗೇ ಕಾಯುತ್ತಿದ್ದಾರೆ ಎಂದು ಹೇಳಿ, ಈ ಕಾಗದವನ್ನು ಒಳಗೆ ಕೊಡಲು ಕೈ ಚಾಚಿದ್ದಾರೆ.